ಕಚೇರಿ ಅಂಗಳದಲ್ಲಿ ಹೂಡಿದ ಕಣ

…ಅಥವಾ ನಾನು ಅದನ್ನು ನೋಡಲೇ ಇಲ್ಲವೇನೋ. ಬಿದಿರು ಸೀಳಿ, ಗೂಟ ನೆಟ್ಟು, ನೆಲಕ್ಕೊರಗಿದ ಭತ್ತದ ಬುಡಗಳನ್ನು ಎತ್ತಿ ನಾರಿನಿಂದ ಕಟ್ಟುತ್ತಿರುವ ಹೆಂಗಸರ ಸಾಲು ಇಂದಿಗೂ ನನ್ನ ಕಣ್ಣ ಮುಂದೆ ಇದೆ. ಒಬ್ಬಳ ಸೆರಗು ಕೆಂಪು. ಇನ್ನೊಬ್ಬಳ ಬಾಯಲ್ಲಿ ನಾರಿನ ತುದಿ. ಆದರೆ ಆ ದಿನಗಳಲ್ಲಿ ನಾನು ಸೂಪಾದ ಕಡೆ ಇದ್ದೆ. ಸಾಂಬ್ರಾಣಿ ಎಂಬ ಆ ಊರಿಗೆ ಮರಳಿದ್ದು ಮಾಮಲೇದಾರ ಸಾಹೇಬರ ಹಿಂದೆಯೇ. ಹಾಗಿದ್ದ ಮೇಲೆ ಆ ಕೆಂಪು ಸೆರಗು ಎಲ್ಲಿಂದ ಬಂತು? ಯಾರೋ ಹೇಳಿದ್ದಕ್ಕೆ ನಾನೇ ಬಣ್ಣ ಹಚ್ಚಿ ಇಟ್ಟುಕೊಂಡಿರಬೇಕು. ಮುಂದೆ ಬರೆಯುವುದರಲ್ಲೂ ಇಂಥ ಬಣ್ಣ ಇದ್ದೇ ಇರುತ್ತದೆ. ನನಗೆ ಅನುಮಾನ ಬಂದಲ್ಲಿ ಹೇಳುತ್ತ ಹೋಗುತ್ತೇನೆ. ನನಗೆ ಅನುಮಾನವೇ ಬಾರದ ಕಡೆ ನೀವು ಅನುಮಾನ ಪಡಬೇಕು.

ಅನುಮಾನವಿಲ್ಲದ ಸಂಗತಿ ಒಂದಿದೆ. ಭತ್ತ ಎದ್ದು ನಿಂತಿತ್ತು, ಅದು ನಿಂತಿದ್ದರಿಂದಲೇ ನಾವು ಸೋತೆವು.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ವರ್ಷಗಳು. ಹಳಿಯಾಳ ಸೀಮೆಯ ಸಣ್ಣ ಒಕ್ಕಲುಮನೆಗಳೆಲ್ಲ ಸೇರಿ ಕಟ್ಟಿಕೊಂಡ ಸಂಘಕ್ಕೆ, ಒಕ್ಕಲಲ್ಲದ ನಾನು ಕಾರ್ಯದರ್ಶಿ. ಕಾರ್ಯದರ್ಶಿ ಎಂದರೆ ಅರ್ಜಿ ಬರೆಯುವವನು, ಸೈಕಲ್ ತುಳಿಯುವವನು, ಎರಡೂ ಕಡೆ ಬೈಸಿಕೊಳ್ಳುವವನು. ಆ ಸಂಘದಲ್ಲಿ ಗೇಣಿ ತಿನ್ನುವ ಧಣಿಗಳಿಗೆ ಜಾಗವಿರಲಿಲ್ಲ. ಮನೆಯವರೇ ನೇಗಿಲ ಹಿಂದೆ ನಡೆಯಬೇಕು ಎಂಬುದು ಮೊದಲ ನಿಯಮ. ಎರಡನೆಯದು, ಸದಸ್ಯತ್ವ ಆಳಿಗಲ್ಲ, ಒಲೆಗೆ. ಒಂದು ಒಲೆ ಉರಿದರೆ ಒಂದು ಮತ. ಅಣ್ಣತಮ್ಮಂದಿರು ಬೇರೆಯಾಗಿ ಎರಡು ಒಲೆ ಹೂಡಿದರೆ ಎರಡು. ಗಂಡಸಿಲ್ಲದ ಮನೆಯಿಂದ ಒಲೆ ಹಚ್ಚುವವಳೇ ಸಭೆಗೆ ಬರುತ್ತಿದ್ದಳು. ಮತ ಹಾಕುವುದೆಂದರೆ ಒಂದು ಕಟ್ಟಿಗೆ ಚೂರನ್ನು ಬಲಕ್ಕೋ ಎಡಕ್ಕೋ ಇಡುವುದು. ಧಾರವಾಡದಿಂದ ಬಂದಿದ್ದ ವಕೀಲರೊಬ್ಬರು ಇದನ್ನು ಕಂಡು ನಕ್ಕಿದ್ದರು. ಅವರ ಎದುರು ನಾನೂ ನಕ್ಕೆನೇನೋ, ನೆನಪಿಲ್ಲ.

ಜಗಳ ಶುರುವಾದದ್ದು ಬಂದೂಕಿನಿಂದ. ಸ್ವಾತಂತ್ರ್ಯ ಚಳವಳಿ ಜೋರಾದ ಮೇಲೆ, ಬೆಳೆ ಕಾಯಲು ರೈತರಿಗೆ ಕೊಟ್ಟಿದ್ದ ಬಂದೂಕುಗಳನ್ನೆಲ್ಲ ಠಾಣೆಗೆ ತಂದು ಒಪ್ಪಿಸಬೇಕೆಂದು ಹುಕುಮು ಬಂತು. ಬಾಯಿಯಿಂದ ಮದ್ದು ತುಂಬಿ, ಸಲಾಕೆಯಿಂದ ಜಡಿದು, ಕೇಪು ಇಟ್ಟು ಹಾರಿಸುವ ಹಳೆಯ ಸಾಮಾನುಗಳವು, ಹಾರಿದರೆ ಹಾರಿತು. ಅವುಗಳಿಂದ ಸರಕಾರಕ್ಕೆ ಎಷ್ಟು ಅಪಾಯವಿತ್ತೋ ಕಾಣೆ, ಕಾಡುಹಂದಿಗೆ ಮಾತ್ರ ಇತ್ತು. ಬಂದೂಕು ಹೋದ ಮೇಲೆ ಜನ ಗದ್ದೆಯ ಅಟ್ಟದ ಮೇಲೆ ಕೂತು ಡಬ್ಬಿ ಬಾರಿಸಿದರು. ಮೊದಮೊದಲು ಹಂದಿಗಳು ಓಡಿದವು. ಬರಬರುತ್ತ ಡಬ್ಬಿ ಬಾರಿಸಿದರೆ ಊಟಕ್ಕೆ ಕರೆದಂತೆ ಬರತೊಡಗಿದವು.

ಹಂದಿ ಭತ್ತ ತಿನ್ನುವುದು ಕಡಿಮೆ, ಕೆಡಿಸುವುದು ಹೆಚ್ಚು. ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ಸರಿಯಾಗಿ ಬರುತ್ತದೆ. ತೆನೆ ಅಗಿದು, ಹಾಲು ಹೀರಿ, ಸಿಪ್ಪೆ ಉಗುಳುತ್ತದೆ. ಆಮೇಲೆ ಹೊರಳುತ್ತದೆ. ಹೊರಳಿದ ಕಡೆ ಭತ್ತ ಚಾಪೆ ಹಾಸಿದಂತೆ ಮಲಗುತ್ತದೆ, ಬುಡ ಮುರಿದ ತೆನೆಯಲ್ಲಿ ಮತ್ತೆ ಕಾಳು ಕಟ್ಟುವುದಿಲ್ಲ.

ಬಂದೂಕು ವಾಪಸು ಕೊಡಿ ಎಂದು ಅರ್ಜಿ ಬರೆದೆ. ತಾಲೂಕಿನ ದೊಡ್ಡ ಅಧಿಕಾರಿ ಹಳಿಯಾಳದ ಮಾಮಲೇದಾರರಿಗೆ ಒಂದು, ಕಾರವಾರದ ಕಲೆಕ್ಟರರಿಗೆ ಒಂದು. ಮಾಮಲೇದಾರರಿಂದ ಉತ್ತರ ಬಂತು: ಆಣೆವಾರಿಗೆ ನಾವೇ ಬರುವವರಿದ್ದೇವೆ, ಹಂದಿಯ ಹಾವಳಿಯನ್ನೂ ಆಗಲೇ ನೋಡುತ್ತೇವೆ.

ಆಣೆವಾರಿ ಎಂದರೆ ಕಣ್ಣಂದಾಜು. ತುಂಬಿದ ಬೆಳೆಗೆ ಹದಿನಾರು ಆಣೆ. ಕೊಯ್ಲಿಗೆ ಮುಂಚೆ ಅಧಿಕಾರಿ ಬದುವಿನ ಮೇಲೆ ನಿಂತು ನೋಡಿ, ಈ ಊರಿನದು ಇಷ್ಟು ಆಣೆ ಬೆಳೆ ಎಂದು ಬರೆಯುತ್ತಿದ್ದರು. ಇಡೀ ಊರಿಗೆ ಒಂದೇ ಅಂಕಿ. ಯುದ್ಧದ ಆ ವರ್ಷಗಳಲ್ಲಿ ಅದೇ ಅಂಕಿಯ ಮೇಲೆ ಪ್ರತಿ ಮನೆಯೂ ಸರಕಾರಕ್ಕೆ ಲೆವಿ ಭತ್ತ ಅಳೆಯಬೇಕಾಗಿತ್ತು. ಬೆಳೆ ಇಲ್ಲದ ಗದ್ದೆಗೆ ಹೆಚ್ಚು ಆಣೆ ಬಿದ್ದರೆ ಮನೆಯವರು ತಿನ್ನುವ ಕಾಳೇ ಹೋಗುತ್ತಿತ್ತು. ಹೀಗಾಗಿ ಆ ಭೇಟಿಯಲ್ಲಿ ನಾವು ಎರಡು ಸಂಗತಿ ಗೆಲ್ಲಬೇಕಿತ್ತು, ಬಂದೂಕು ಮತ್ತು ಊಟ.

ಸೂಪಾಕ್ಕೆ ಹೊರಡುವ ಮುಂಚೆ ಸಾಂಬ್ರಾಣಿಯ ಕಟ್ಟೆಯ ಮೇಲೆ ನಿಂತು ಹೇಳಿದೆ. “ಬಿದ್ದದ್ದನ್ನ ಬಿದ್ದಂಗ ಬಿಡ್ರಿ. ಸಾಹೇಬರು ಬಂದ ನೋಡೂತನಕಾ ಒಂದ ತೆನಿ ಮುಟ್ಟಬ್ಯಾಡ್ರಿ.”

“ಆತ ಬಿಡ್ರಿ,” ಎಂದರು ಎಲ್ಲರೂ. ಅಷ್ಟು ಸುಲಭವಾಗಿ ಎಲ್ಲರೂ ಒಪ್ಪಿದಾಗಲೇ ನಾನು ಹೆದರಬೇಕಿತ್ತು.

ಮಾಮಲೇದಾರರು ಟಾಂಗಾ ಇಳಿದು ಬದುವಿನ ಮೇಲೆ ನಡೆದು ಬಂದರು. ಅವರ ಹಿಂದೆ ಶಾನುಭೋಗ, ಅವನ ಹಿಂದೆ ಸಿಪಾಯಿ, ಕೊನೆಗೆ ನಾನು ಮತ್ತು ಸಂಘದ ಅಧ್ಯಕ್ಷರು. ಅಧ್ಯಕ್ಷರು ಸಾಂಬ್ರಾಣಿಯವರೇ, ಎರಡೆತ್ತಿನ ಒಕ್ಕಲು. ಊರಿಗೆಲ್ಲ ಕಾಕಾ. ಸೀಗಿ ಹುಣ್ಣಿಮೆ ಆಗಷ್ಟೇ ಮುಗಿದಿತ್ತು. ಗದ್ದೆಗೆ ಎಡೆಯಾಗಿ ಚೆಲ್ಲಿದ ಚರಗದ ಅನ್ನ ಬದುವಿನ ಉದ್ದಕ್ಕೂ ಒಣಗಿ ಬಿದ್ದಿತ್ತು, ಕಾಗೆಗಳು ಹೆಕ್ಕುತ್ತಿದ್ದವು. ಕಾಡಿಗೆ ತಾಗಿದ ಗದ್ದೆಯನ್ನೇ ಮೊದಲು ತೋರಿಸಬೇಕೆಂದು ನಾನು ಅವರನ್ನು ಆ ದಿಕ್ಕಿಗೆ ತಿರುಗಿಸಿದೆ. ಬಿದಿರು ಮೆಳೆ ದಾಟಿದೆವು.

ಗದ್ದೆ ಎದ್ದು ನಿಂತಿತ್ತು.

“ಎಲ್ಲದಾವು ಹಂದಿ?” ಎಂದರು ಮಾಮಲೇದಾರರು.

“ಬಂದಿದ್ದುವ್ರಿ,” ಎಂದರು ಕಾಕಾ. ಅವರ ದನಿ ಅವರಿಗೇ ಕೇಳಿಸಿರಲಿಕ್ಕಿಲ್ಲ.

“ಬಂದು ಕೈಮುಗದ ಹೋದುವೇನು?”

ಶಾನುಭೋಗ ನಕ್ಕ. ಕಾಕಾ ಗದ್ದೆಗೆ ಇಳಿದು ಒಂದು ಬುಡ ಹಿಡಿದು ಜಗ್ಗಿದರು. ನಾರು ಬಿಚ್ಚಿಕೊಂಡು ಭತ್ತ ಅವರ ತೋಳಿನ ಮೇಲೆ ಕುಸಿಯಿತು. ಒಂದು ತೆನೆ ಕಿತ್ತು, ಅಂಗೈಯಲ್ಲಿ ಉಜ್ಜಿ, ಬದುವಿನ ಮೇಲಕ್ಕೆ ಚಾಚಿದರು. “ನೋಡ್ರಿ. ಒಳಗ ಏನೂ ಇಲ್ಲ. ಇದು ಕಟ್ಟಿ ನಿಲ್ಲಿಸಿದ್ದ್ರಿ.”

“ಇನ್ನೂ ಹಾಲಿನ ಹೊತ್ತು, ತುಂಬತೈತಿ. ನಮ್ಮ ಮನ್ಯಾಗೂ ಗದ್ದಿ ಅದಾವ, ನನಗ ಹೇಳಬ್ಯಾಡ್ರಿ.” ಮಾಮಲೇದಾರರು ತೆನೆ ಮುಟ್ಟಲಿಲ್ಲ. “ಮತ್ತ ನೀವ ಅಂತೀರಿ, ಕಟ್ಟಿ ನಿಲ್ಲಸೇವಿ ಅಂತ. ಕಾಳು ಬರತೈತಿ ಅನ್ನೂ ನಂಬಿಕಿ ಇಲ್ಲದ ಯಾರರೇ ಇಷ್ಟು ಕಷ್ಟಾ ಬೀಳ್ತಾರ?”

ನನ್ನ ತಲೆಯಲ್ಲೂ ಅದೇ ಪ್ರಶ್ನೆ ಇತ್ತು. ಅವರು ಟಾಂಗಾ ಹತ್ತಿದರು. ಹದಿನಾಲ್ಕು ಆಣೆ ಎಂದು ಶಾನುಭೋಗ ಅಲ್ಲಿಯೇ ಬರೆದುಕೊಂಡನೋ ಕಚೇರಿಗೆ ಹೋದ ಮೇಲೆ ಬರೆದನೋ ಹೇಳಲಾರೆ.

ಆ ಗದ್ದೆಯ ಒಡತಿಯನ್ನು ಎಲ್ಲರೂ ಅವ್ವ ಎನ್ನುತ್ತಿದ್ದರು. ಗಂಡ ಹೋಗಿ ಬಹಳ ಕಾಲವಾಗಿತ್ತು. ಮಗ ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ಜ್ವರ ಹಿಡಿದು ತೀರಿಕೊಂಡಿದ್ದ. ಸೊಸೆ, ಎರಡು ಸಣ್ಣ ಮೊಮ್ಮಕ್ಕಳು, ಆ ಒಂದು ಗದ್ದೆ. ನಾನು ಅವಳ ಅಂಗಳಕ್ಕೆ ಹೋದಾಗ ಸಿಟ್ಟಿನಲ್ಲಿದ್ದೆ.

“ಯಾಕ ಕಟ್ಟಿದ್ರಿ ಅವ್ವಾ? ಮುಟ್ಟಬ್ಯಾಡ್ರಿ ಅಂತ ಹೇಳಿದ್ದಿಲ್ಲಾ?”

“ಹೇಳಿದ್ದಿ. ನಡುವ ಸೀಗಿ ಹುಣ್ಣಿಮಿ ಬಂತಲ್ಲೋ ತಮ್ಮಾ.”

“ಬಂದ್ರ?”

“ಬಂದ್ರ ಅಂದ್ರ? ಅವತ್ತ ಗದ್ದಿ ಬಸುರಿ. ಆಕೀಗೆ ಬಯಕಿ ಊಟಾ ಬಡಸಬೇಕು. ಮೈ ಹರಕೊಂಡ ಬಿದ್ದಾಕೀಗೆ ಹಂಗ ಹೆಂಗ ಬಡಸೂದು? ಎಬ್ಬಿಸಿ, ಮೈ ಒರಸಿ, ಕೂಡಿಸಿ ಬಡಸಬೇಕು. ಅದಕ್ಕ ಎಬ್ಬಿಸಿದ್ವಿ. ಮತ್ತ ಬಸುರೀನ ಕೆಡವಿ ಪರಮಂದಿಗೆ ಕರದು ತೋರಸ್ತಾರೇನ? ನಿನ್ನ ಹೇಣ್ತಿ ಬಸುರಾದಾಗ ನೀ ತೋರಸ್ತೀಯೇನು?”

“ನನಗ ಇನ್ನೂ ಲಗ್ನಾನ ಆಗಿಲ್ಲ.”

“ಅದಕ್ಕ ತಿಳದಿಲ್ಲ,” ಎಂದಳು ಅವ್ವ. ಸೊಸೆ ಒಳಗಿನಿಂದ ನಕ್ಕದ್ದು ಕೇಳಿಸಿತು.

ಬೇರೆ ಊರುಗಳಲ್ಲೂ ಇದೇ ಆಗಿತ್ತು. ಯಾರೂ ಯಾರಿಗೂ ಹೇಳಿರಲಿಲ್ಲ, ಒಂದೂ ಸಭೆ ಕೂಡಿರಲಿಲ್ಲ. ಕಾಡಿನ ಅಂಚಿನ ಹಳ್ಳಿಗಳಲ್ಲೆಲ್ಲ ಹೆಂಗಸರು ಬಿದ್ದ ಭತ್ತವನ್ನು ಎಬ್ಬಿಸಿ, ಕಟ್ಟಿ, ಉಣಬಡಿಸಿದ್ದರು. ಸಂಘ ಕಟ್ಟಿದ ಇಷ್ಟು ವರ್ಷಗಳಲ್ಲಿ ಇಷ್ಟು ಒಗ್ಗಟ್ಟನ್ನು ನಾನು ಕಂಡಿರಲಿಲ್ಲ.

ಲೆವಿಯ ನೋಟೀಸು ಕೊಯ್ಲಿನ ಹೊತ್ತಿಗೆ ಬಂತು. ಕಾಡಂಚಿಗೂ ಬಯಲಿಗೂ, ಎಲ್ಲ ಊರುಗಳಿಗೂ ಅದೇ ಹದಿನಾಲ್ಕು ಆಣೆಯ ಲೆಕ್ಕ. ಅವ್ವನ ಮನೆಯಿಂದ ಕೇಳಿದ್ದು ಅವಳ ಗದ್ದೆಯಲ್ಲಿ ಬೆಳೆದದ್ದಕ್ಕಿಂತ ಬಹಳ ಕಡಿಮೆಯೇನೂ ಇರಲಿಲ್ಲ. ಬಂದೂಕಿನ ಅರ್ಜಿ ತಿರಸ್ಕಾರವಾಗಿತ್ತು, ಬೆಳೆಗೆ ಹಾನಿ ಕಂಡುಬಂದಿಲ್ಲವೆಂಬ ಕಾರಣದಿಂದ. ಮತ್ತೆ ಅರ್ಜಿ ಬರೆದೆ. ಸ್ಥಳ ಪರಿಶೀಲನೆ ಮುಗಿದಿದೆ ಎಂದು ಕಾರವಾರದಿಂದ ಉತ್ತರ. ಮಾಮಲೇದಾರರನ್ನು ಖುದ್ದಾಗಿ ಕಂಡೆವು. ಅವರು ನಮ್ಮನ್ನು ಕೂಡ್ರಿಸಿದರು, ನೀರು ಕೊಡಿಸಿದರು. “ಬೆಳಿ ನಾನ ನೋಡೇನಿ. ಸಿಪಾಯಿ ಹಂಗ ನೆಟ್ಟಗ ನಿಂತಿತ್ತು. ಈಗ ಇಲ್ಲ ಅಂದ್ರ ನಾ ಏನ ಬರೀಲಿ? ಬರದದ್ದನ್ನ ಹೊಡದ ಹಾಕಾಕ ನನಗೇನು ಆಧಾರ ಐತಿ?”

ಅವರನ್ನು ದುಷ್ಟ ಎಂದು ಬರೆಯುವುದು ಸುಲಭ, ಆ ದಿನಗಳಲ್ಲಿ ನಾನು ಹಾಗೆ ಬರೆದದ್ದೂ ಉಂಟು. ಈಗ ನೆನೆದರೆ, ಅವರು ಕಣ್ಣಿಗೆ ಕಂಡದ್ದನ್ನು ನಂಬಿದ್ದರು ಅಷ್ಟೆ. ಅದರಿಂದ ನಮ್ಮ ಹೊಟ್ಟೆಗೇನೂ ವ್ಯತ್ಯಾಸವಿರಲಿಲ್ಲ.

ಸಂಘ ಕೂಡುತ್ತಿದ್ದದ್ದು ಹಳಿಯಾಳದ ಗಾಡಿ ಮೇಸ್ತ್ರಿಯ ಛಪ್ಪರದ ಕೆಳಗೆ. ಮೇಸ್ತ್ರಿ ಸಾಬರು ನಮ್ಮ ಸದಸ್ಯರಲ್ಲ; ನೇಗಿಲು ಮಾಡುತ್ತಿದ್ದರು, ಹೂಡುತ್ತಿರಲಿಲ್ಲ. ಶುಕ್ರವಾರದ ಜುಮ್ಮಾ ಬಿಟ್ಟು ಯಾವ ದಿನ ಬೇಕಾದರೂ ಬನ್ನಿ ಎಂದು ಜಾಗ ಕೊಟ್ಟಿದ್ದರು. ಆ ದಿನ ಅವರು ಒಂದು ಗಾಲಿಗೆ ಹಲ್ಲು ಕೂಡಿಸುತ್ತಲೇ ಇದ್ದರು. ನಾವು ಚಕ್ಕೆಗಳ ನಡುವೆ ಕೂತೆವು. ಕುಂಬಾರವಾಡದಿಂದಲೂ ಕೆಲವರು ನಡೆದು ಬಂದಿದ್ದರು, ತಮ್ಮತಮ್ಮಲ್ಲಿ ಕೊಂಕಣಿಯಲ್ಲಿ ಪಿಸುಗುಡುತ್ತಿದ್ದರು.

ಒಬ್ಬರು ಇನ್ನೊಂದು ಅರ್ಜಿ ಎಂದರು. ಕಾರವಾರ ಆಯಿತಲ್ಲ, ಮುಂಬೈ ಸರಕಾರಕ್ಕೇ ಬರೆಯೋಣ ಎಂದು. ಇನ್ನೊಬ್ಬರು ದನಿ ತಗ್ಗಿಸಿ, “ಹಗೇವಿನ್ಯಾಗ ಹಾಕಿ ಮ್ಯಾಲ ಮಣ್ಣ ಎಳದ್ರ ಯಾಂವ ನೋಡ್ತಾನ?” ಎಂದರು. ನೆಲದೊಳಗಿನ ಕಣಜಗಳು ಎಷ್ಟೋ ಮನೆಗಳಲ್ಲಿದ್ದವು. ಒಂದಿಷ್ಟು ತಲೆಗಳು ಹೌದೆಂದು ಆಡಿದವು.

“ನಾವ ಬೆಳದ ಕಾಳು,” ಎಂದರು ಕಾಕಾ, “ನಾವ ಕಳ್ಳರಂಗ ಹುಗದಿಡೂದೇನು? ಒಮ್ಮೆ ಹುಗದ್ರ ಮುಂದ ಪ್ರತಿ ವರ್ಷಾ ಕಳ್ಳರ ನಾವು.”

ಮೇಸ್ತ್ರಿ ಮರದ ಕೊಡತಿಯಿಂದ ಗಾಲಿಗೆ ಮತ್ತೊಂದು ಹಲ್ಲು ಜಡಿದರು. ಆಮೇಲೆ ಅವ್ವ ಮಾತಾಡಿದಳು. ಅವಳು ಎದ್ದು ನಿಂತಳೆಂದು ಬರೆಯಲು ಕೈ ಹೋಗುತ್ತಿದೆ. ಕೂತೇ ಇದ್ದಳು, ಕೂತೇ ಹೇಳಿದಳು.

“ಕಣಾ ಕಚೇರಿಗೆ ಒಯ್ಯೂಣು.”

“ಏನಂದಿ?”

“ಸಿವುಡು ಗಾಡ್ಯಾಗ ಹೇರಕೊಂಡ ಹೋಗಿ ಮಾಮಲೇದಾರನ ಅಂಗಳದಾಗ ತುಳಸೂಣು. ನೋಡಿ ಬರದಾನಲ್ಲಾ, ನೋಡಲಿ.”

ಗದ್ದಲ ಎದ್ದಿತು. ಕೊಯ್ದು ಕಟ್ಟಿದ ಸಿವುಡನ್ನು ರಾಶಿಯಾಗುವ ಮುನ್ನ ಊರ ಸೀಮೆ ದಾಟಿಸುವುದಿಲ್ಲ. ದಾಟಿಸಿದರೆ ಕಾಳಿನ ಜೊತೆ ಲಕ್ಷ್ಮಿಯೂ ಹೋಗುತ್ತಾಳೆ. ಕಣಕ್ಕೆ ಜೋಡು ಮೆಟ್ಟಿ ಬರುವ ಹಾಗಿಲ್ಲ. ಕಣದಲ್ಲಿ ಪರರು ನಿಂತು ನೋಡುವ ಹಾಗಿಲ್ಲ, ದೃಷ್ಟಿಯಾಗುತ್ತದೆ. ರಾಶಿ ಪೂಜೆಯಾಗುವ ತನಕ ಕಣದಲ್ಲಿ ಎತ್ತರದ ದನಿಯೂ ಇಲ್ಲ. ಇವೆಲ್ಲ ನನಗೂ ಗೊತ್ತಿದ್ದವು, ಅದಕ್ಕೇ ಆ ಉಪಾಯ ನನ್ನ ತಲೆಗೆ ಬಂದಿರಲಿಲ್ಲ.

ಮುದುಕರೊಬ್ಬರು ಅವಳ ಕಡೆ ತಿರುಗಿದರು. “ಅಲ್ಲಿ ಪೋಲೀಸರ ಬೂಟ ತಿರಗತಾವ ತಂಗಿ. ಅಂಥಾ ಜಾಗಾದಾಗ ಕಣಾ ಹೂಡಿದ್ರ ಪಾಪಾ ಹತ್ತೂದಿಲ್ಲೇನು?”

“ಶಾಸ್ತ್ರಾ ನಡಸಿ ಗದ್ದಿ ಎಬ್ಬಿಸಿದ್ವಿ. ಅದನ್ನ ನೋಡಿ ಹದಿನಾಲ್ಕ ಆಣೆ ಬರದ್ರು. ಈ ಸಲಾ ಮುರದ ನೋಡೂಣು.”

“ಪಾಪಾ ಹತ್ತಿದ್ರ?”

“ಹತ್ತಲಿ. ಉಪಾಸಕ್ಕಿಂತ ಹಗರ ಇರತೈತಿ.”

ಮತಕ್ಕೆ ಹಾಕಿದೆವು. ಪ್ರತಿ ಒಲೆಯವರು ನೆಲದಿಂದ ಒಂದು ಚಕ್ಕೆ ಎತ್ತಿ ಎಡಕ್ಕೋ ಬಲಕ್ಕೋ ಇಟ್ಟರು. ಮೇಸ್ತ್ರಿ ಕೊಡತಿ ಕೆಳಗಿಟ್ಟು ನೋಡುತ್ತಿದ್ದವರು, “ಮತಾ ಆದ ಮ್ಯಾಲ ಚಕ್ಕಿ ಎಲ್ಲಾ ಇಲ್ಲೇ ಬಿಟ್ಟ ಹೋಗ್ರಿ ಭಾಯಿ. ನಮ್ಮ ಮನ್ಯಾಗೂ ಒಲಿ ಐತಿ,” ಎಂದರು. ಒಯ್ಯೋಣ ಎಂಬ ಕಡೆಯ ಗುಡ್ಡೆ ಬಹಳ ದೊಡ್ಡದಾಗಿತ್ತೆಂದು ಕಾಕಾ ಆಮೇಲೆ ಎಲ್ಲ ಊರುಗಳಲ್ಲಿ ಹೇಳಿದರು. ನನ್ನ ನೆನಪಿನಲ್ಲಿ ಎರಡೂ ಗುಡ್ಡೆ ಹತ್ತಿರಹತ್ತಿರ ಸಮ. ಒಂದು ಚಕ್ಕೆಯನ್ನು ಯಾರೋ ಇಟ್ಟು, ಹಿಂದಕ್ಕೆ ತೆಗೆದು, ಮತ್ತೆ ಇಟ್ಟರು. ಆ ಮುದುಕರೇ ಇರಬೇಕು.

ಆಮೇಲಿನ ಕೆಲಸ ನನ್ನದು. ಯಾವ ಊರಿನಿಂದ ಯಾವ ದಾರಿ, ಯಾವ ಗಾಡಿ ಮುಂದೆ. ಸಿವುಡು ಆರಿಸಬಾರದು ಎಂದು ಪಟ್ಟು ಹಿಡಿದೆ: ಬಣವೆಯ ಮೇಲಿನದು, ನಡುವಿನದು, ಅಡಿಯದು ಎಲ್ಲ ಬೆರೆಯಬೇಕು. ಇನ್ನೊಂದು ಮಾತಿಗೆ ಜಗಳವೇ ಆಯಿತು. ಧಾರವಾಡದ ಕಡೆಯ ಬಯಲು ಹಳ್ಳಿಗಳಿಗೆ ಹಂದಿ ಬಂದಿರಲಿಲ್ಲ, ಅಲ್ಲಿ ಬೆಳೆ ಚೆನ್ನಾಗಿತ್ತು. ಅವರ ಗಾಡಿಗಳೂ ಬರಲಿ ಎಂದೆ. “ನಿನಗ ತಲೀ ಕೆಟ್ಟೈತೇನು? ಅವರ ಭತ್ತಾ ತೋರಿಸಿ ನಮ್ಮ ಕುತ್ತಿಗಿ ಕೊಯ್ಸತೀಯಾ?” ಎಂದು ಕೂಗಿದರು. ಸಂಘ ಎಲ್ಲರದ್ದು, ಕೆಟ್ಟ ಬೆಳೆಯವರದ್ದು ಮಾತ್ರ ಅಲ್ಲ ಎಂದೇನೋ ನಾನು ಹೇಳಿರಬೇಕು. ನಿಜ ಹೇಳಬೇಕೆಂದರೆ ನನಗೆ ಗಾಡಿಗಳ ಸಂಖ್ಯೆ ಬೇಕಿತ್ತು. ಕಚೇರಿಯ ಅಂಗಳ ತುಂಬಬೇಕು ಎಂಬುದಷ್ಟೇ ನನ್ನ ಯೋಚನೆ.

ಕಣದ ನಡುವೆ ಎತ್ತು ಸುತ್ತಲು ಮೇಟಿಯ ಕಂಬ ಬೇಕು. ಸರಕಾರದ ನೆಲ ಅಗೆದರೆ ಅದೇ ಒಂದು ಗುನ್ನೆಯಾಗುತ್ತದೆ. ಮೇಸ್ತ್ರಿ ಸಾಬರು ಒಂದು ಹಳೆಯ ಗಾಲಿಯನ್ನು ನೆಲಕ್ಕೆ ಮಲಗಿಸಿ, ಅದರ ನಡುವಿನ ತೂತಿಗೆ ಕಂಬ ಜಡಿದು, ಗಾಲಿಯ ಮೇಲೆ ಕಲ್ಲು ಹೇರಿ ತೋರಿಸಿದರು. “ಈಗ ಅಗದದ್ದೂ ಇಲ್ಲ, ಗುನ್ನೇನೂ ಇಲ್ಲ. ಸುಗ್ಗಿ ಮುಗದ ಮ್ಯಾಲ ನನ್ನ ಗಾಲಿ ನನಗ ವಾಪಸ್.”

ಬೆಳಿಗ್ಗೆ ಕಚೇರಿ ತೆರೆಯುವ ಮುಂಚೆ ಹೆಂಗಸರು ಅಂಗಳ ಗುಡಿಸಿ ಸಗಣಿ ಸಾರಿಸತೊಡಗಿದ್ದರು. ಪಟ್ಟೆವಾಲಾ ಬೀಗದ ಕೈ ಹಿಡಿದು ಬಂದವನು ನಿಂತುಬಿಟ್ಟ.

“ಏನ ಮಾಡಾಕತ್ತೀರಿ?”

“ಸಾರಸಾಕತ್ತೀವಿ,” ಎಂದಳು ಅವ್ವನ ಸೊಸೆ. “ಎಷ್ಟ ವರ್ಷಾತೋ ಏನೋ, ಯಾರೂ ಮುಟ್ಟಿದಂಗ ಇಲ್ಲ.”

ಅವನು ಒಳಗೆ ಹೋಗಬೇಕೆಂದರೆ ಹಸಿ ಸಗಣಿ ದಾಟಬೇಕು. ದಾಟಲಿಲ್ಲ. ಮಾಮಲೇದಾರರು ಬರುವ ಹೊತ್ತಿಗೆ ಅಂಗಳದ ತುಂಬ ಗಾಡಿ, ರಸ್ತೆಯ ಮೇಲೂ ಗಾಡಿ. ಕುಂಬಾರವಾಡದವರು ಸಿವುಡನ್ನು ತಲೆಯ ಮೇಲೆ ಹೊತ್ತು ತಂದಿದ್ದರು. ನಾಲ್ಕಾರು ಪೋಲೀಸರೂ ಬಂದು ನಿಂತರು. ಅವರ ಮುಖಗಳು ನನಗೆ ನೆನಪಿಲ್ಲ, ಬೂಟುಗಳು ನೆನಪಿವೆ. ಅವು ಸಾರಿಸಿದ ನೆಲದ ಅಂಚಿಗೆ ಬಂದು ಅಲ್ಲೇ ನಿಂತವು.

“ಇದು ಸರಕಾರಿ ಜಾಗಾ,” ಎಂದರು ಮಾಮಲೇದಾರರು. “ಎಲ್ಲಾ ತಗೊಂಡ ನಡೀರಿ.”

ಕಾಕಾ ಕೈಮುಗಿದರು. “ನಮ್ಮ ಮನ್ಯಾಗ ಇಲ್ಲದ ಭತ್ತಾ ಐತಿ ಅಂತ ನೀವ ಬರದೀರಿ. ಅಂದ ಮ್ಯಾಲ ಅದು ಸರಕಾರದ ಭತ್ತಾ. ಸರಕಾರದ ಭತ್ತಾ ಸರಕಾರದ ಜಾಗಾದಾಗ ತುಳಸಾಕ ಬಂದೀವ್ರಿ.”

“ಜಮಾವು ಕೂಡೂದು ಕಾಯಿದೇಕ ವಿರುದ್ಧ ಐತಿ. ಗೊತ್ತೈತಿಲ್ಲೋ?”

“ನಾವೇನು ಭಾಷಣಾ ಮಾಡಾಕ ಬಂದಿಲ್ರಿ. ರಾಶಿ ಮಾಡಾಕ ಬಂದೀವಿ. ಹಿಡೀರಿ ಅಂದ್ರ ಎತ್ತಿಗೂ ಬೇಡಿ ತರಸ್ರಿ.”

ಮಾಮಲೇದಾರರು ಗಾಡಿಗಳನ್ನು ನೋಡಿದರು. ಆ ಮನುಷ್ಯ ಜಾಣ. “ಜೊಳ್ಳ ಸಿವುಡಷ್ಟ ಆರಿಸಿಕೊಂಡ ಬಂದೀರಿ. ನನಗ ತಿಳಿಯೂದಿಲ್ಲ ಅಂತ ತಿಳದೀರೇನು?”

“ಹಂಗಾರ ನೀವ ಆರಸ್ರಿ,” ಎಂದಳು ಅವ್ವ ಗಾಡಿಯ ಪಕ್ಕದಿಂದ. “ಯಾವ ಗಾಡಿ ಮ್ಯಾಲ ಬೊಟ್ಟ ಇಡ್ತೀರೋ ಅದನ್ನ ಮೊದಲ ತುಳಸ್ತೀವಿ.”

ಅವರು ವರಾಂಡದ ಮೆಟ್ಟಿಲಿನಿಂದಲೇ ಬೆರಳು ತೋರಿಸಿದರು. ರಸ್ತೆಯ ಅಂಚಿನ ಒಂದು ಗಾಡಿ. ಅದು ಬಯಲು ಹಳ್ಳಿಯ ಗಾಡಿ. ನಾನೇ ಜಗಳಾಡಿ ತರಿಸಿದ್ದು.

ಸಿವುಡು ಬಿಚ್ಚಿ ಹಾಸಿದರು, ಎತ್ತು ಕಟ್ಟಿದರು, ಹಂತಿ ನಡೆಯಿತು. ಎತ್ತುಗಳು ಮೇಟಿಯ ಸುತ್ತ ಸುತ್ತಿದ ಹಾಗೆ ಕಾಳು ಉದುರುವ ಸದ್ದು ಮಳೆಯ ಸದ್ದಿನಂತೆ ಕೇಳುತ್ತಿತ್ತು, ಅಷ್ಟು ಒಳ್ಳೆಯ ಬೆಳೆ. ಹುಲ್ಲು ಸರಿಸಿ ತೂರಿದರು. ಜೊಳ್ಳು ಹಾರಿದ್ದು ಸ್ವಲ್ಪ. ಕೆಳಗೆ ಬಂಗಾರದ ಬಣ್ಣದ ಗುಡ್ಡೆ. ಮಾಮಲೇದಾರರು ಅದನ್ನು ನೋಡಿ ನಮ್ಮತ್ತ ನೋಡಿದರು.

ಆಗ ಮಾತಾಡಿದ್ದು ಆ ಗಾಡಿಯ ಯಜಮಾನ. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ನಡುವಯಸ್ಸು. ಸಭೆಗಳಲ್ಲಿ ಅವನು ಬಾಯಿ ಬಿಟ್ಟದ್ದನ್ನು ನಾನು ಕೇಳಿರಲಿಲ್ಲ. ಅವನು ಬೇಕಾದರೆ ಅಂದೇ ಸಂಘ ಬಿಟ್ಟು, ಗಾಡಿ ಹೊಡೆದುಕೊಂಡು ಹೋಗಬಹುದಿತ್ತು.

“ಸಾಹೇಬರ, ಇದು ನಂದು,” ಎಂದ. “ಹಂದಿ ನನ್ನ ಗದ್ದೀಗೆ ಬಂದಿಲ್ಲ. ನಂದು ಹದಿನಾಲ್ಕ ಅಲ್ಲ, ಹದಿನೈದ ಆಣೆ ಬರಕೋರಿ. ಲೆವಿ ಇಲ್ಲೇ ಅಳದ ಕೊಡ್ತೇನಿ.” ಗುಡ್ಡೆಯಿಂದ ಒಂದು ಬೊಗಸೆ ಎತ್ತಿ ಮತ್ತೆ ಅಲ್ಲೇ ಸುರಿದ. “ಆದ್ರ ಇದು ನನ್ನ ಮನೀ ಬೆಳಿ. ಆಕೀ ಮನೀದ ಅಲ್ಲ. ಆಕೀದು ತುಳಿಸಿ ಆಕೀದ ಬರೀರಿ.”

“ಹಂಗ ಮನಿ ಮನಿಗೆ ಬರೀಲಿಕ್ಕೆ ಬರೂದಿಲ್ಲ. ಊರಿಗೆ ಒಂದ ಆಣೆವಾರಿ.”

“ಊರಿಗೆ ಒಂದ ಒಲಿ ಐತೇನ್ರಿ?” ಎಂದಳು ಅವ್ವ.

ಸಂಘ ಮುಂದೆ ಎಷ್ಟೋ ಸಭೆಗಳಲ್ಲಿ, ಎಷ್ಟೋ ಠರಾವುಗಳಲ್ಲಿ, ಮುಂಡಗೋಡದ ಶಾಖೆಯವರು ಹಂಚಿದ ಕರಪತ್ರಗಳಲ್ಲಿ ಕೇಳಿದ್ದೆಲ್ಲ ಈ ಒಂದು ಮಾತೇ: ಊರಿನ ಅಂದಾಜು ಬೇಡ, ಮನೆಯ ಕಣ ನೋಡಿ. ಅದಕ್ಕೆ ಮುಂಚೆ ನಾವು ಅಂದಾಜು ತಗ್ಗಿಸಿ ಎಂದು ಬೇಡುತ್ತಿದ್ದೆವು. ಅಂದಾಜೇ ತಪ್ಪು ಎಂದು ಹೇಳುವುದು ನಮಗೆ ಹೊಳೆದಿರಲಿಲ್ಲ. ಹೊಳೆದದ್ದು ಆ ಅಂಗಳದಲ್ಲಿ, ತಪ್ಪು ಗಾಡಿಯ ಮೇಲೆ ಬೆರಳು ಬಿದ್ದದ್ದರಿಂದ.

ಅವ್ವನ ಗಾಡಿ ಇಳಿಸಲು ಯಾರೂ ಅಪ್ಪಣೆ ಕೇಳಲಿಲ್ಲ. ಪೋಲೀಸನೊಬ್ಬ ಮುಂದೆ ಬಂದ. ಬಯಲು ಹಳ್ಳಿಯವನು ಅವನಿಗೂ ಗಾಡಿಗೂ ನಡುವೆ ನಿಂತು ಸಿವುಡು ಇಳಿಸತೊಡಗಿದ. ಮಾಮಲೇದಾರರು ಪೋಲೀಸನಿಗೆ ಕೈ ತೋರಿಸಿದರು. ಹಿಡಿ ಎಂದೋ ನಿಲ್ಲು ಎಂದೋ, ಪೋಲೀಸ ನಿಂತ. ಎತ್ತು ಸುತ್ತಿದವು. ಈ ಸಲ ಸದ್ದು ಬೇರೆ, ಒಣ ಹುಲ್ಲಿನ ಸರಸರ ಮಾತ್ರ. ಅವ್ವ ಮೊರ ತುಂಬಿಕೊಂಡು ವರಾಂಡದ ಕಡೆ ಬೆನ್ನು ಮಾಡಿ ಎತ್ತರಕ್ಕೆ ಹಿಡಿದಳು. ಹಾಗೆ ನಿಂತರೆ ಗಾಳಿ ಯಾವ ಕಡೆಗೆ ಒಯ್ಯುತ್ತದೆ ಎಂದು ಅವಳಿಗೆ ತಿಳಿದಿತ್ತು. ಜೊಳ್ಳು ಮೋಡವಾಗಿ ಎದ್ದು ವರಾಂಡದ ಮೇಲೆ, ಮೇಜಿನ ಮೇಲೆ, ಶಾನುಭೋಗನ ಟೋಪಿಯ ಮೇಲೆ ಇಳಿಯಿತು. ಕೆಳಗೆ ಉಳಿದ ಕಾಳು ಎಷ್ಟು ಕಡಿಮೆಯೆಂದರೆ, ಸೊಸೆ ಅದನ್ನು ಸೆರಗಿನಲ್ಲಿ ಒಟ್ಟುಮಾಡಲು ಬಾಗಿ ಮತ್ತೆ ನೆಟ್ಟಗಾದಳು. ಹಾಗೆ ಒಟ್ಟುಮಾಡುವುದನ್ನು ಇಷ್ಟು ಜನರ ಮುಂದೆ ತೋರಿಸಲು ಅವಳಿಗೆ ಮನಸ್ಸಾಗಲಿಲ್ಲವೆಂದು ಕಾಣುತ್ತದೆ.

“ಇದರಾಗ ನಿಮ್ಮ ಪಾಲು ಅಳಕೋರಿ,” ಎಂದಳು ಅವ್ವ. “ಉಳದದ್ದ ನಮಗ ಕೊಡ್ರಿ.”

ಮಾಮಲೇದಾರರು ಮೆಟ್ಟಿಲಿಳಿದು ಬಂದರು. ಬೂಟು ಬಿಚ್ಚಿ ಕಣಕ್ಕೆ ಕಾಲಿಟ್ಟರೆಂದು ನಮ್ಮ ಜನ ಹೇಳುತ್ತಾರೆ. ಬೂಟಿನಲ್ಲೇ ಬಂದರೆಂದು ನನ್ನ ನೆನಪು. ಯಾವುದು ನಿಜವಾದರೂ, ಬಂದರು; ಕಾಳನ್ನು ಕೈಯಲ್ಲಿ ಎತ್ತಿದರು; ಗದ್ದೆಯಲ್ಲಿ ಮುಟ್ಟದಿದ್ದುದನ್ನು ಇಲ್ಲಿ ಮುಟ್ಟಿದರು. ಆಮೇಲೆ ಶಾನುಭೋಗನಿಗೆ, “ಗಾಡಿ ಗಾಡಿಗೆ ಬೇರೆ ಬರಕೋ,” ಎಂದರು. ಅಷ್ಟೇ. ಜಯಕಾರ ಹಾಕಲು ಒಂದಿಬ್ಬರು ಬಾಯಿ ತೆರೆದಾಗ ಮುದುಕರು ಗದರಿಸಿದರು. “ಏ, ಕಣದಾಗ ಒದರಬ್ಯಾಡ್ರಿ.”

ಮರುದಿನವೂ ಅದರ ಮರುದಿನವೂ ಕಣ ನಡೆಯಿತು. ಆ ವರ್ಷ ಹಳಿಯಾಳದ ಅಂಗಳಕ್ಕೆ ಬಂದ ಮನೆಗಳ ಲೆವಿಯನ್ನು ಅವರವರ ರಾಶಿಯ ಮೇಲೆ ಗೊತ್ತುಮಾಡಲಾಯಿತು. ಬಾರದ ಮನೆಗಳಿಗೆ ಹಳೆಯ ಅಂಕಿಯೇ ಉಳಿಯಿತು, ಆ ಕಾರಣಕ್ಕೆ ಸಂಘದೊಳಗೆ ಎದ್ದ ಜಗಳ ಬಹಳ ದಿನ ಆರಲಿಲ್ಲ. ಕಣ ಮುಗಿದ ಮೇಲೆ ಕಾಕಾರನ್ನೂ ನನ್ನನ್ನೂ ಠಾಣೆಗೆ ಕರೆದರು. ಕಾಕಾರಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ನನಗೆ ತಾಲೂಕು ಬಿಟ್ಟು ಹೋಗುವಂತೆ ಹುಕುಮು. “ಒಕ್ಕಲಲ್ಲದಾಂವಗ ಇಷ್ಟ ಉಸಾಬರಿ ಯಾಕ?” ಎಂದು ಫೌಜದಾರ ಕೇಳಿದ. ನಾನೇನು ಉತ್ತರ ಕೊಟ್ಟೆನೆಂದು ಬೇರೆ ಬೇರೆ ಕಡೆ ಬೇರೆ ಬೇರೆಯಾಗಿ ಹೇಳಿಕೊಂಡಿದ್ದೇನೆ. ಅಷ್ಟೂ ಚೆನ್ನಾಗಿವೆ, ಆದ್ದರಿಂದ ಒಂದನ್ನೂ ಇಲ್ಲಿ ಬರೆಯುವುದಿಲ್ಲ. ಹುಬ್ಬಳ್ಳಿಗೆ ಹೋದೆ. ನಾನು ಮರಳುವ ಹೊತ್ತಿಗೆ ಯುದ್ಧ ಮುಗಿದು, ಸಂಘ ಬೇರೆಯವರ ಕೈಗೆ ಹೋಗಿತ್ತು.

ಮಾಮಲೇದಾರರು ಯಾಕೆ ಒಪ್ಪಿದರು ಎಂಬುದು ನನಗೆ ಗೊತ್ತಿಲ್ಲ. ಕಾಳು ಕೈಗೆ ಹತ್ತಿದ್ದರಿಂದಲೋ, ಅಷ್ಟು ಗಾಡಿಗಳಿಗೆ ಹೆದರಿಯೋ, ಮೇಲಿನಿಂದ ಬೇರೆ ಮಾತು ಮೊದಲೇ ಬಂದಿತ್ತೋ. ಬಂದೂಕುಗಳು ಮುಂದಿನ ಬೆಳೆಯ ಹೊತ್ತಿಗೆ ಸಾಂಬ್ರಾಣಿಗೆ ಮರಳಿದವು ಎಂದು ಕೆಲವರು ಹೇಳಿದರು, ಇಲ್ಲ ಎಂದು ಕೆಲವರು. ಅವ್ವನ ಲೆವಿಯನ್ನು ತಗ್ಗಿಸಿ ಬರೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಉಳಿದ ಭತ್ತ ಆ ನಾಲ್ಕು ಜನಕ್ಕೆ ಮುಂದಿನ ಸುಗ್ಗಿಯವರೆಗೆ ಸಾಕಾಯಿತೇ, ಇಲ್ಲವೇ, ನಡುವೆ ಅವರು ಏನು ಉಂಡರು, ಅದು ನನಗೆ ಗೊತ್ತಿಲ್ಲ.